ಕನಕಪುರ ರಸ್ತೆಯ ರಾಂಚ್, ಆಮೇಲೆ ಬೆಂಗಳೂರು: ಯಾವುದು ಚೆನ್ನ, ಯಾವುದು ಸುಮ್ನೆ

ಮೊದಲೇ ಹೇಳಿಬಿಡುತ್ತೇನೆ. ಈ ರಾಂಚ್‌ಗೆ, ಅಂದರೆ ದನ ಕುದುರೆ ಸಾಕಿರುವ ಫಾರ್ಮ್ ರೆಸಾರ್ಟ್‌ಗೆ, ಹೋಗಬಹುದು, ಚೆನ್ನಾಗಿದೆ. ಆದರೆ ಅವರು ವಾಟ್ಸಾಪ್‌ನಲ್ಲಿ ಕಳಿಸುವ ಪಟ್ಟಿ ನೋಡಿಕೊಂಡು ಹೋಗಬೇಡಿ. ರೈನ್ ಡ್ಯಾನ್ಸ್, ಜಿಪ್ ಲೈನ್, ಟ್ರ್ಯಾಕ್ಟರ್ ಸವಾರಿ, ಹಸು ಕರೆಯುವ ಅನುಭವ ಅಂತೆಲ್ಲ ಅದರಲ್ಲಿ ಇರುತ್ತದೆ. ನಮಗೆ ಹಿಡಿಸಿದ್ದು ಒಂದೂ ಆ ಪಟ್ಟಿಯಲ್ಲಿ ಇರಲಿಲ್ಲ.

ಹೆಸರು ಬರೆಯುವುದಿಲ್ಲ. ಬಯ್ಯುವುದೂ ಸ್ವಲ್ಪ ಇದೆ, ಅದಕ್ಕೆ. ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ಕಡೆ ಇಂಥ ಜಾಗಗಳು ಬೇಕಾದಷ್ಟಿವೆ. ಯಾವುದಕ್ಕೆ ಹೋದರೂ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ ಅಂತ ನನ್ನ ಅಂದಾಜು.

ನಾವು ದಾವಣಗೆರೆಯವರು. ಕ್ರಿಸ್‌ಮಸ್ ರಜೆಗೆ ನಾನು, ನಮ್ಮನೆಯವರು, ಐದನೇ ಕ್ಲಾಸಿನ ಮಗ, ಜೊತೆಗೆ ಅತ್ತೆ ಹೋಗಿದ್ದೆವು. ಅತ್ತೆ ಹೊನ್ನಾಳಿ ಕಡೆಯ ಹಳ್ಳಿಯವರು. ಎಮ್ಮೆ ಕಟ್ಟಿ, ಹಾಲು ಹಾಕಿ, ಮಕ್ಕಳನ್ನು ಓದಿಸಿದವರು. "ರೊಕ್ಕ ಕೊಟ್ಟು ಕೊಟ್ಟಿಗೆ ನೋಡಾಕ ಹೋಗ್ತೀರಾ?" ಎಂದು ಜನಶತಾಬ್ದಿ ರೈಲಿನಲ್ಲಿ ಅರಸೀಕೆರೆ ದಾಟುವ ತನಕ ಗೊಣಗುತ್ತಲೇ ಇದ್ದರು. ಈ ರಿವ್ಯೂನಲ್ಲಿ ಬರುವ ತೀರ್ಪುಗಳಲ್ಲಿ ಅರ್ಧ ಅವರದೇ.

ತಲೆಗೆ 3,500 ರೂಪಾಯಿ, ಮಕ್ಕಳಿಗೆ ಅರ್ಧ. ಊಟ ತಿಂಡಿ ಎಲ್ಲ ಸೇರಿ ಎಂದರು ಫೋನಿನಲ್ಲಿ. ಹೋದ ಮೇಲೆ ಸಂಜೆಯ ಬಜ್ಜಿಗೆ ಬೇರೆ ಬಿಲ್ಲು, ಕುದುರೆ ಸವಾರಿಗೆ ಬೇರೆ, ಕ್ಯಾಂಪ್ ಫೈರ್‌ಗೆ ಸೌದೆಯದ್ದು ಬೇರೆ! ಕೇಳಿದರೆ, "ಮೇಡಂ, ಅದು ಪ್ಯಾಕೇಜ್‌ನಲ್ಲಿ ಬರಲ್ಲ" ಎಂಬ ಸಿದ್ಧ ಉತ್ತರ. ಬುಕ್ ಮಾಡುವಾಗ ಏನೇನು ಸೇರಿದೆ ಎಂದು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಬಾಯಿ ಮಾತು ನಂಬಬೇಡಿ.

ರೂಮು ಪರವಾಗಿಲ್ಲ. ಹಾಸಿಗೆ ಸ್ವಚ್ಛ, ಸೊಳ್ಳೆ ಪರದೆ ಇತ್ತು. ಬಿಸಿನೀರು ಮಾತ್ರ ಸೋಲಾರ್‌ದು. ಡಿಸೆಂಬರ್‌ನ ಮಂಜಿಗೆ ಬೆಳಿಗ್ಗೆ ಎಂಟರ ತನಕ ತಣ್ಣಗೇ ಬರುತ್ತಿತ್ತು. ಅಡಿಗೆ ಮನೆಯವರನ್ನು ಕೇಳಿದರೆ ಒಂದು ಬಕೆಟ್ ಕಾಯಿಸಿ ಕೊಡುತ್ತಾರೆ. ಆಫೀಸಿನವರನ್ನು ಕೇಳಿ ಪ್ರಯೋಜನವಿಲ್ಲ.

ದೊಡ್ಡ ತಲೆನೋವು ಸದ್ದು. ನಾವಿದ್ದಾಗ ಯಾವುದೋ ಕಂಪನಿಯ ಟೀಂ ಔಟಿಂಗ್ ಬಂದಿತ್ತು. ರಾತ್ರಿ ಹನ್ನೊಂದಾದರೂ ಸ್ಪೀಕರ್ ನಿಲ್ಲಲಿಲ್ಲ. ಪಾಪ, ಕೊಟ್ಟಿಗೆಯಲ್ಲಿ ದನಗಳು ಮಲಗದೆ ನಿಂತೇ ಇದ್ದವು. ನಮ್ಮನೆಯವರು ಹೋಗಿ ಹೇಳಿದ ಮೇಲೆ ಸ್ವಲ್ಪ ಕಡಿಮೆ ಮಾಡಿದರು, ಕಾಟಾಚಾರಕ್ಕೆ.

ಇನ್ನು ಆ 'ಹಸು ಕರೆಯುವ ಅನುಭವ'. ಬೆಳಿಗ್ಗೆ ಹತ್ತು ಗಂಟೆಗೆ ಒಂದು ಎಚ್‌ಎಫ್ (ಕಪ್ಪು ಬಿಳಿ ಬಣ್ಣದ ಸೀಮೆ ತಳಿ) ಹಸುವನ್ನು ಹುಲ್ಲುಹಾಸಿನ ಮೇಲೆ ತಂದು ಕಟ್ಟುತ್ತಾರೆ. ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರೇ ಹೋಗಿ ಮೊಲೆ ಹಿಡಿದು ಎಳೆಯಬೇಕು, ಅಪ್ಪ ಅಮ್ಮ ಫೋಟೋ ತೆಗೆಯಬೇಕು. ಹಾಲು ಬರುವುದೇ ಇಲ್ಲ. ಯಾಕೆಂದರೆ ಮುಂಜಾನೆಯೇ ಕರೆದು ಆಗಿರುತ್ತದೆ! ಹಸು ಕಾಲು ಎತ್ತಿ ಎತ್ತಿ ಇಡುತ್ತಿತ್ತು. ಅತ್ತೆ ನೋಡುವಷ್ಟು ನೋಡಿದರು. ಆಮೇಲೆ ಸೀದಾ ಹೋಗಿ, "ಏ ತಮ್ಮಾ, ಕೆಚ್ಚಲ ಖಾಲಿ ಐತಿ. ಯಾಕ ಹಿಂಸೆ ಕೊಡ್ತೀರಿ ಅದಕ್ಕ?" ಎಂದು ಆ ಟೀ ಶರ್ಟ್ ಹುಡುಗನನ್ನು ಗದರಿಸಿದರು. ಅವನು ಹಗ್ಗ ಬಿಚ್ಚಿಕೊಂಡು ಹೋದ. ಸಾಲಿನಲ್ಲಿದ್ದ ಇಬ್ಬರು ತಾಯಂದಿರು ನಮ್ಮನ್ನು ಗುರಾಯಿಸಿದರು. ಗುರಾಯಿಸಲಿ ಬಿಡಿ.

ನಿಜವಾದ ಹಾಲು ಕರೆಯುವುದನ್ನು ನೋಡಬೇಕು ಅಂದರೆ ಬೆಳಿಗ್ಗೆ ಐದೂವರೆಗೆ ಏಳಬೇಕು. ಹಸುಗಳನ್ನು ನೋಡಿಕೊಳ್ಳುವವರು ಪಕ್ಕದ ಊರಿನ ಒಬ್ಬ ಅಣ್ಣ. ಮಾತು ಕಡಿಮೆ. ಹಸುವಿನ ಮುಂದೆ ಬೂಸಾ ಹಾಕಿ, ಉಗುರು ಬೆಚ್ಚಗಿನ ನೀರಲ್ಲಿ ಕೆಚ್ಚಲು ತೊಳೆದು, ಬಟ್ಟೆಯಲ್ಲಿ ಒರೆಸಿ, ಮೊದಲ ನಾಲ್ಕು ಸೆಳೆ ನೆಲಕ್ಕೆ ಬಿಟ್ಟು, ಆಮೇಲೆ ಪಾತ್ರೆ ಹಿಡಿದರು. ಅತ್ತೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಒಂದು ಹಸುವನ್ನು ತಾವೇ ಕರೆದರು ಕೂಡ. ಹಾಲು ಕರೆಯುವುದು ಬಿಟ್ಟು ಎಷ್ಟೋ ವರ್ಷ ಆಗಿದೆ, ಕೈ ಮರೆತಿರಲಿಲ್ಲ. ಅಣ್ಣ ಏನೂ ಹೇಳಲಿಲ್ಲ, ಮುಂದಿನ ಹಸುವಿನ ಹತ್ತಿರಕ್ಕೆ ಸ್ಟೂಲು ಜರುಗಿಸಿ ಕೊಟ್ಟರು ಅಷ್ಟೆ.

ಆಮೇಲೆ ಅವರ ಟಿವಿಎಸ್ ಹಿಂದೆ ನಡೆದುಕೊಂಡೇ ಊರಿನ ಡೈರಿಗೆ ಹೋದೆವು. ಹಾಲಿನ ಸ್ಯಾಂಪಲ್ ಯಂತ್ರಕ್ಕೆ ಹಾಕುತ್ತಾರೆ, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎಷ್ಟು ಎಂದು ಬರುತ್ತದೆ, ಅದರ ಮೇಲೆ ಲೀಟರಿಗೆ ದರ. ನಂದಿನಿ ಪ್ಯಾಕೆಟ್ ದಿನಾ ಕತ್ತರಿಸುವ ನನ್ನ ಮಗ, ಅದು ಇಂಥ ಒಂದು ಸಣ್ಣ ರೂಮಿನಿಂದ ಶುರುವಾಗುತ್ತದೆ ಎಂದು ಅಲ್ಲೇ ನೋಡಿದ. ಸಾಲಿನಲ್ಲಿ ಕ್ಯಾನ್ ಹಿಡಿದು ನಿಂತ ಹೆಂಗಸರ ಜೊತೆ ಅತ್ತೆ ಹಾಲಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನದ ಮಾತು ತೆಗೆದರು. ಅವರನ್ನು ಅಲ್ಲಿಂದ ಎಬ್ಬಿಸಿಕೊಂಡು ಬರುವಷ್ಟರಲ್ಲಿ ನಮ್ಮ ತಿಂಡಿ ಆರಿ ಹೋಗಿತ್ತು. ಈ ಡೈರಿ ನಡಿಗೆಗೆ ದುಡ್ಡಿಲ್ಲ. ಪಟ್ಟಿಯಲ್ಲೂ ಇಲ್ಲ.

ಕುದುರೆ ಸವಾರಿಗೆ 400 ರೂಪಾಯಿ. ಮರಳು ಹಾಕಿದ ಅಂಕಣದಲ್ಲಿ ಲಗಾಮು ಹಿಡಿದುಕೊಂಡು ಎರಡು ಸುತ್ತು ಹಾಕಿಸಿ ಇಳಿಸುತ್ತಾರೆ. ಹೆಲ್ಮೆಟ್ ಮಗನ ಹುಬ್ಬಿನ ಮೇಲೆ ಜಾರುತ್ತಿತ್ತು, ಬೆವರು ವಾಸನೆ ಬೇರೆ. ಮಕ್ಕಳ ಅಳತೆಯದ್ದು ಒಂದೂ ಇಲ್ಲ. ಇದು ಸಣ್ಣ ವಿಷಯ ಅಲ್ಲ, ಸರಿ ಮಾಡಲೇಬೇಕು.

ಸವಾರಿ ಬಿಟ್ಟು ಲಾಯಕ್ಕೆ ಹೋಗಿ. ಅಲ್ಲಿ ಎರಡು ಕುದುರೆ ಇವೆ. ಒಂದು ಬೆಂಗಳೂರಿನ ರೇಸ್ ಕೋರ್ಸ್‌ನಲ್ಲಿ ಓಡಿ ನಿವೃತ್ತಿಯಾದದ್ದು. ಅದನ್ನು ನೋಡಿಕೊಳ್ಳುವವರೂ ಅಲ್ಲೇ ಕುದುರೆ ತಿಕ್ಕಿಕೊಂಡು ಬೆಳೆದವರಂತೆ. ಕುದುರೆಯ ಹಿಂದಿನಿಂದ ಹೋಗಬಾರದು, ಎಡ ಭುಜದ ಕಡೆಯಿಂದ, ಅದಕ್ಕೆ ಕಾಣುವ ಹಾಗೆ, ಮಾತಾಡಿಸುತ್ತಾ ಹೋಗಬೇಕು ಎಂದು ಹೇಳಿಕೊಟ್ಟರು. ಕ್ಯಾರೆಟ್ ಕೊಡುವಾಗ ಬೆರಳು ಮಡಿಸಬಾರದು, ಅಂಗೈ ಚಪ್ಪಟೆ ಇರಬೇಕು. ಆಮೇಲೆ ಮುಂಗಾಲು ಎತ್ತಿ ತಮ್ಮ ಮೊಣಕಾಲಿನ ಮಧ್ಯೆ ಸಿಕ್ಕಿಸಿಕೊಂಡು, ಸಣ್ಣ ಕಬ್ಬಿಣದ ಕೊಕ್ಕೆಯಿಂದ ಗೊರಸಿನ ಒಳಗಿನ ಕಸ ಕೆರೆದು ತೆಗೆದರು. ಗೊರಸು ಎಂದರೆ ಪೂರ್ತಿ ಗಟ್ಟಿ ಎಂದುಕೊಂಡಿದ್ದೆ. ನಡುವೆ ತ್ರಿಕೋನದ ಆಕಾರದಲ್ಲಿ ಮೆತ್ತಗಿನ ಭಾಗ ಇದೆ, ಬೆರಳು ಒತ್ತಿದರೆ ಒಳಗೆ ಹೋಗುತ್ತದೆ. ಅಲ್ಲಿ ಕಲ್ಲು ಸಿಕ್ಕಿಕೊಂಡರೆ ಕುಂಟುತ್ತದೆ. ಲಾಳ ಐದಾರು ವಾರಕ್ಕೊಮ್ಮೆ ಬಿಚ್ಚಿ, ಗೊರಸು ಕತ್ತರಿಸಿ, ಮತ್ತೆ ಹೊಡೆಯಬೇಕು. ಮಗನ ಕೈಗೂ ಕೊಕ್ಕೆ ಕೊಟ್ಟರು. ಆ ಹುಡುಗ ಸವಾರಿಯ ವಿಷಯ ಈಗ ಎತ್ತುವುದೇ ಇಲ್ಲ, ಗೊರಸಿನದ್ದೇ ಮಾತು.

ಎಲ್ಲಕ್ಕಿಂತ ಮೇಲೆ ನಾನು ಇಡುವುದು ರಾಂಚ್‌ನ ಬೇಲಿಯಾಚೆಯ ಹುಳು ಮನೆಯನ್ನು. ಈ ಸೀಮೆ ರೇಷ್ಮೆಯ ಸೀಮೆ ಅಲ್ವಾ? ಸುತ್ತ ಎಲ್ಲಿ ನೋಡಿದರೂ ಹಿಪ್ಪುನೇರಳೆ ತೋಟ. ರಾಂಚ್‌ನಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಬರುವ ಅಕ್ಕನ ಮನೆಯಲ್ಲಿ ರೇಷ್ಮೆ ಹುಳು ಸಾಕಿದ್ದರು. ಅತ್ತೆ ಮಾತಿಗೆ ಎಳೆದು ಎಳೆದು ಕೊನೆಗೆ ಆ ಅಕ್ಕನೇ ನಮ್ಮನ್ನು ಕರೆದುಕೊಂಡು ಹೋದರು.

ಒಳಗೆ ಹೋಗುವ ಮುಂಚೆ ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು, ಕೈ ತೊಳೆಯಬೇಕು. ಸೆಂಟು ಹಾಕಿಕೊಂಡವರಿಗೆ, ಎಲೆ ಅಡಿಕೆ ಹೊಗೆಸೊಪ್ಪು ಬಾಯಲ್ಲಿ ಇಟ್ಟುಕೊಂಡವರಿಗೆ ಪ್ರವೇಶ ಇಲ್ಲ. ಕಿಟಕಿಗೆಲ್ಲ ಸಣ್ಣ ಕಣ್ಣಿನ ಬಲೆ. ಊಜಿ ನೊಣ ಒಳಗೆ ಬಂದರೆ ಹುಳುವಿನ ಮೈ ಮೇಲೇ ಮೊಟ್ಟೆ ಇಟ್ಟುಬಿಡುತ್ತದೆ, ಆಮೇಲೆ ಬೆಳೆ ಕೈಗೆ ಸಿಗಲ್ಲ. ಅದು 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ಪೀಡೆ.

ಹುಳು ಸಾಕುವ ಅಟ್ಟಣೆ, ಅಂಕಣದ ಮೇಲೆ ಅಂಕಣ, ಎಲ್ಲದರ ಮೇಲೂ ಸೊಪ್ಪಿನ ರೆಂಬೆ, ರೆಂಬೆಯ ಮೇಲೆಲ್ಲ ಬೆರಳುದ್ದ ಆಗುತ್ತಿರುವ ಬಿಳಿ ಹುಳು. ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಇಲ್ಲಿಯ ಜನ ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಮೊಟ್ಟೆಯಿಂದ ಗೂಡಿನ ತನಕ ನಾಲ್ಕು ಸಲ ಜ್ವರ ಬರುತ್ತದೆ. ಆಗ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲುಗಾಡದೆ ಕೂತುಬಿಡುತ್ತವೆ. ಕೆಳಗಿನ ಅಂಕಣದಲ್ಲಿ ಹಿಂದುಳಿದ ಕೆಲವು ಇನ್ನೂ ಹಾಗೇ ಕೂತಿದ್ದವು. ಮಗ ಕೈ ಚಾಚಿದ. "ಮುಟ್ಬ್ಯಾಡ ಕಣಪ್ಪ, ಜ್ವರಕ್ಕೆ ಕುಂತವೆ" ಎಂದು ಅಕ್ಕ ತಡೆದರು. ಮೇಲಿನವನ್ನು ಒಂದು ಎತ್ತಿ ಅವನ ಅಂಗೈ ಮೇಲೆ ಬಿಟ್ಟರು. ತಣ್ಣಗೆ ಇತ್ತಂತೆ.

ಎದ್ದ ಹುಳುವಿಗೆ ಹಸಿವು ಜಾಸ್ತಿ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಹೆಚ್ಚಿನ ಪಾಲು ಈ ಕೊನೆಯ ವಾರದಲ್ಲೇ ಮುಗಿಸುತ್ತವೆ. ಅಕ್ಕನ ಯಜಮಾನರು ತೋಟದಿಂದ ಹೊರೆ ತಂದು ಹಾಕುತ್ತಲೇ ಇದ್ದರು. ಹಾಕಿದ ಮೇಲೆ ಒಂದು ನಿಮಿಷ ಮಾತು ನಿಲ್ಲಿಸಿ ಎಂದರು. ನಿಲ್ಲಿಸಿದೆವು. ಒಣಗಿದ ತರಗಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಚರಚರ ಸದ್ದು, ಇಡೀ ಕೋಣೆ ತುಂಬ.

ವಾರ ಕಳೆದರೆ ಹುಳು ಹಣ್ಣಾಗುತ್ತದೆ, ಮೈ ತಿಳಿಯಾಗಿ ಹಳದಿಗೆ ತಿರುಗುತ್ತದೆ. ಆಗ ಒಂದೊಂದನ್ನೇ ಕೈಯಲ್ಲಿ ಆರಿಸಿ ಚಂದ್ರಂಕಿಗೆ, ಅಂದರೆ ಗೂಡು ಕಟ್ಟಲು ಇಡುವ ಬಿದಿರಿನ ತಟ್ಟಿಗೆ, ಬಿಡಬೇಕು. ರಾತ್ರಿ ಹಗಲು ನಿದ್ದೆ ಇರಲ್ಲ ಎಂದರು. ಗೂಡು ಕಟ್ಟಿ ಮುಗಿಸಿದ ಮೇಲೆ ಬಿಡಿಸಿ ರಾಮನಗರದ ಮಾರುಕಟ್ಟೆಗೆ. ರೇಟು ಅವತ್ತಿನ ಹರಾಜಿನಲ್ಲಿ ಬಂದಷ್ಟು. ಅಕ್ಕ ಇಷ್ಟನ್ನೆಲ್ಲ ಹೇಳಿ ಟೀ ಕೊಟ್ಟು, ದುಡ್ಡು ಕೊಡಲು ಹೋದರೆ ಬೇಡವೆಂದರು. ಅತ್ತೆ ಬಿಡಲಿಲ್ಲ, ಅವರ ಮಗಳ ಕೈಗೆ ಹಣ್ಣಿಗೆ ಎಂದು ತುರುಕಿ ಬಂದರು.

ಊಟದ ವಿಷಯ. ಬಫೆಯಲ್ಲಿ ಗೋಬಿ ಮಂಚೂರಿ, ನೂಡಲ್ಸ್, ಪನೀರು. ಇದನ್ನು ತಿನ್ನಲು ಹಾರೋಹಳ್ಳಿ ತನಕ ಬರಬೇಕಾ? ಹಿಂದುಗಡೆ ಕೆಲಸದವರ ಅಡಿಗೆ ಬೇರೆ ಆಗುತ್ತದೆ. ಕೇಳಿದರೆ ಸಂತೋಷವಾಗಿ ಬಡಿಸುತ್ತಾರೆ. ಮಧ್ಯಾಹ್ನ ಮುದ್ದೆ, ಉಪ್ಸಾರು, ಅದರ ಖಾರ. ರಾತ್ರಿ ಹಿತಕಿದ ಬೇಳೆ ಸಾರು. ಡಿಸೆಂಬರ್ ಅಂದರೆ ಅವರೆಕಾಯಿ ಕಾಲ, ಸೊಗಡು ಅಂಗಳಕ್ಕೆಲ್ಲ ಬರುತ್ತಿತ್ತು. ಉಪ್ಸಾರು ನಮ್ಮ ಕಡೆ ಅಷ್ಟು ಬಳಕೆ ಇಲ್ಲ. ಬೇಯಿಸಿದ ಸೊಪ್ಪು ಕಾಳಿನ ಕಟ್ಟು ತೆಳ್ಳಗೆ ಒಂದು ಕಡೆ, ಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ಖಾರ ಇನ್ನೊಂದು ಕಡೆ, ಬೇಕಾದಷ್ಟು ಕಲೆಸಿಕೊಳ್ಳುವುದು. ನಮ್ಮನೆಯವರು ಮೂರನೇ ಮುದ್ದೆಗೆ ಕೈ ಹಾಕಿದಾಗ ನಾನೇ ತಡೆದೆ.

ನಗರಕ್ಕೆ ಬರುವಾಗ ಕ್ಯಾಬ್‌ನವರಿಗೆ ರೇಷ್ಮೆ ಸಂಸ್ಥೆ ಮೆಟ್ರೋ ನಿಲ್ದಾಣದಲ್ಲೇ ಬಿಡಲು ಹೇಳಿ. ಹಸಿರು ಮಾರ್ಗದ ಕೊನೆಯ ನಿಲ್ದಾಣ ಅದು, ಕನಕಪುರ ರಸ್ತೆಯಲ್ಲೇ ಇದೆ. ಒಳಗೆ ಹೋಗಿ ಬನಶಂಕರಿ ಟ್ರಾಫಿಕ್‌ನಲ್ಲಿ ಕೂರುವುದು ತಪ್ಪುತ್ತದೆ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿಸಿದ ಮೇಲೆ ಬೆಂಗಳೂರಿನವರು ಗೊಣಗುತ್ತಾರೆ, ನ್ಯಾಯವೇ. ಆದರೂ ನಾಲ್ಕು ಜನಕ್ಕೆ ಬ್ಯಾಗು ಸಮೇತ ಇದಕ್ಕಿಂತ ಸುಖ ಇಲ್ಲ. ಲಾಲ್‌ಬಾಗ್, ನ್ಯಾಷನಲ್ ಕಾಲೇಜು, ಕೆ.ಆರ್. ಮಾರುಕಟ್ಟೆ, ಚಿಕ್ಕಪೇಟೆ, ಮೆಜೆಸ್ಟಿಕ್ ಎಲ್ಲ ಇದೇ ದಾರಿಯಲ್ಲಿ ಬರುತ್ತವೆ. ನಾವು ನೋಡಿದ್ದು ಹೆಚ್ಚಾಗಿ ಈ ಒಂದು ಗೆರೆಯ ಮೇಲೆ ಇದ್ದದ್ದನ್ನೇ.

ಲಾಲ್‌ಬಾಗ್‌ನಲ್ಲಿ ಎಲ್ಲರೂ ಗಾಜಿನ ಮನೆಗೆ ಓಡುತ್ತಾರೆ. 1889ರದ್ದು, ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ನಮ್ಮ ಊರಲ್ಲೇ ಕುಂದುವಾಡ ಕೆರೆ ಹತ್ತಿರ ಒಂದು ಗಾಜಿನ ಮನೆ ಇದೆಯಲ್ಲ, ಹಾಗಾಗಿ ದಾವಣಗೆರೆಯವರಿಗೆ ಅದರಲ್ಲಿ ಅಂಥ ಬೆರಗಿಲ್ಲ. ನನಗೆ ಹಿಡಿಸಿದ್ದು ಬಂಡೆ. ಕೆಂಪೇಗೌಡರ ಗೋಪುರ ಇರುವ ಆ ಬೋಳು ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಹೈದರ್ ಅಲಿ 1760ರಲ್ಲಿ ತೋಟ ಶುರು ಮಾಡಿದಾಗಲೂ ಅದು ಅಲ್ಲೇ ಹೀಗೇ ಕೂತಿತ್ತು. ಬಂಡೆಯ ಮೇಲೆ ಬಿಳಿ ಕಪ್ಪು ಪಟ್ಟೆಗಳು ಹೊರಳಿಕೊಂಡಿವೆ, ಬಗ್ಗಿ ನೋಡಿದರೆ ಕಾಣುತ್ತವೆ. ಜನ ಮಾತ್ರ ಅದರ ಮೇಲೆ ನಿಂತು ದೂರದ ಕಟ್ಟಡಗಳ ಜೊತೆ ಸೆಲ್ಫಿ ತೆಗೆದುಕೊಂಡು ಇಳಿಯುತ್ತಾರೆ. ಮಧ್ಯಾಹ್ನ ಹೋಗಬೇಡಿ, ಕಾಲು ಸುಡುತ್ತದೆ. ವಯಸ್ಸಾದವರಿಗೆ ಹತ್ತಲು ಆಗದಿದ್ದರೆ ಕೆಳಗೆ ಮರದ ನೆರಳಲ್ಲಿ ಬೆಂಚು ಬೇಕಾದಷ್ಟಿವೆ. ಅತ್ತೆ ಅಲ್ಲೇ ಒಂದು ನಿದ್ದೆ ತೆಗೆದರು.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರ ಹೋಟೆಲು. ಶುಕ್ರವಾರ ರಜೆ, ನೆನಪಿರಲಿ. ದೋಸೆ ದಪ್ಪ, ಹೊರಗೆ ಗರಿಗರಿ, ಒಳಗೆ ಮೆತ್ತಗೆ, ತುಪ್ಪದ ಪರಿಮಳ. ಚಟ್ನಿ ತೆಳ್ಳಗೆ, ತಟ್ಟೆಗೆ ಸುರಿಯುತ್ತಾರೆ. ಬಡಿಸುವವರು ಒಂದೇ ತೋಳಿನ ಮೇಲೆ ಹತ್ತಾರು ತಟ್ಟೆ ಜೋಡಿಸಿಕೊಂಡು ಬರುವುದನ್ನು ನೋಡಲಿಕ್ಕೇ ಕೊಟ್ಟ ಕಾಸು ಸಾಕು. ನಮ್ಮ ಬೆಣ್ಣೆ ದೋಸೆಗಿಂತ ಮೇಲಾ ಎಂದು ದಯವಿಟ್ಟು ಕೇಳಬೇಡಿ. ಊರಿಗೆ ವಾಪಸ್ ಹೋಗಬೇಕಲ್ಲ ನಾನು.

ಅಲ್ಲಿಂದ ದೊಡ್ಡ ಬಸವನ ಗುಡಿ ನಡೆದೇ ಹೋಗುವಷ್ಟು ದೂರ. ಏಕಶಿಲೆಯ ಬಸವ, ಬೆಣ್ಣೆ ಅಲಂಕಾರದ ಗುರುತು ಮೈ ಮೇಲೆ. ರಾಂಚ್‌ನಲ್ಲಿ ಉದ್ದ ಕೊಂಬಿನ ಹಳ್ಳಿಕಾರ್ ತಳಿಯ ಎತ್ತಿನ ಜೋಡಿ ನೋಡಿ ಬಂದಿದ್ದ ಮಗ, "ಇದರ ಕೊಂಬು ಯಾಕೆ ಇಷ್ಟು ಚಿಕ್ಕದು?" ಎಂದು ಪೂಜಾರಿಗಳನ್ನೇ ಕೇಳಿದ. ಅವರು ನಕ್ಕು ಕುಂಕುಮ ಹಚ್ಚಿದರು. ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ. ನಾವು ಹೋದಾಗ ಅದು ಮುಗಿದಿತ್ತು, ರಸ್ತೆ ಬದಿಯಲ್ಲಿ ಒಂದಿಬ್ಬರು ಮಾತ್ರ ಹುರಿದ ಕಾಯಿ ಮಾರುತ್ತಿದ್ದರು.

ಕಬ್ಬನ್ ಪಾರ್ಕ್ ಕಡೆಗೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿಕೊಂಡು ಹೋಗಬೇಕು. ವಿಶ್ವೇಶ್ವರಯ್ಯ ಮ್ಯೂಸಿಯಂ ಮಕ್ಕಳಿಗೆ ಬಹಳ ಹಿಡಿಸುತ್ತದೆ, ಅರ್ಧ ದಿನ ಬೇಕೇ ಬೇಕು. ವಿಧಾನಸೌಧವನ್ನು ಹೊರಗಿನಿಂದ ನೋಡಿದೆವು. "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಬರೆದಿದ್ದನ್ನು ಮಗ ಓದಿ ಹೇಳಿದ. ಅತ್ತೆ, "ಅದಕ್ಕಾ ಇಷ್ಟು ಕಾಯಿಸ್ತಾರೆ" ಎಂದರು. ಟಿಪ್ಪುವಿನ ಬೇಸಿಗೆ ಅರಮನೆ ಚಿಕ್ಕದು. 1791ರಲ್ಲಿ ಮುಗಿದದ್ದು, ತೇಗದ ಕಂಬಗಳು, ಮೇಲೆ ಹತ್ತಿದರೆ ತಂಪು ಗಾಳಿ. ಬೇಗ ನೋಡಿ ಮುಗಿಯುತ್ತದೆ. ಅರಮನೆ ಎಂಬ ಹೆಸರು ಕೇಳಿ ಮೈಸೂರಿನಂಥದ್ದು ನೆನೆಸಿಕೊಂಡು ಹೋದರೆ ಬೇಜಾರಾಗುತ್ತದೆ.

ಕೆ.ಆರ್. ಮಾರುಕಟ್ಟೆಗೆ ಬೆಳಗಿನ ಜಾವ ಹೋಗಿ. ಸೇವಂತಿಗೆ, ಕನಕಾಂಬರ, ಸುಗಂಧರಾಜದ ಮೂಟೆಗಳ ಮಧ್ಯೆ ಕಾಲಿಡಲು ಜಾಗ ಇರಲ್ಲ. ಮೇಲಿನ ಮಹಡಿಯ ಕಟಕಟೆಯಿಂದ ಕೆಳಗೆ ನೋಡಿದರೆ ಚೆನ್ನ. ಚಪ್ಪಲಿ ಹಳೆಯದು ಹಾಕಿಕೊಳ್ಳಿ, ಕೆಸರು ಗ್ಯಾರಂಟಿ. 1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಈ ಸುತ್ತಮುತ್ತಲೇ. ಈಗ ಹೊರಗಿನ ಸಬ್‌ವೇ ಕತ್ತಲು, ನಾತ. ಹೆಂಗಸರು ಒಬ್ಬರೇ ಅದರೊಳಗೆ ಇಳಿಯದಿರುವುದೇ ಒಳ್ಳೆಯದು.

ಚಿಕ್ಕಪೇಟೆಯಲ್ಲಿ ಸೀರೆ ತೆಗೆಯದೆ ಬರಲಾಗುತ್ತದಾ? ಅಂಗಡಿಯವರು ಒಂದರ ಮೇಲೊಂದು ಬಿಚ್ಚಿ ಹಾಕುತ್ತಿದ್ದರು. ಮಗ ಮಧ್ಯೆ ಬಾಯಿ ಹಾಕಿ, "ಅಂಕಲ್, ಇದಕ್ಕೆ ಎಷ್ಟು ಗೂಡು ಬೇಕು?" ಎಂದ. ಅವರಿಗೆ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಸಾವಿರಾರು ಎಂದರು. ಅತ್ತೆ ಅಲ್ಲಿಯ ತನಕ ಚೌಕಾಸಿ ಮಾಡುತ್ತಿದ್ದವರು ಸ್ವಲ್ಪ ಹೊತ್ತು ಸುಮ್ಮನಾದರು. ಸ್ವಲ್ಪ ಹೊತ್ತು ಅಷ್ಟೆ, ಆಮೇಲೆ 600 ರೂಪಾಯಿ ಇಳಿಸಿದರು.

ರಾಂಚ್‌ಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದೂವರೆ ಕಳೆದದ್ದು ಬಿಲ್ಲಿಗೆ, ಸ್ಪೀಕರ್‌ಗೆ, ಹೆಲ್ಮೆಟ್‌ಗೆ. ಕೊಟ್ಟಿಗೆ ಅಣ್ಣ, ಲಾಯದವರು, ಅಡಿಗೆಯವರು ಇವರಿಗೆಲ್ಲ ಐದಕ್ಕೆ ಐದು. ವಾರಾಂತ್ಯ ಬಿಟ್ಟು ಸೋಮವಾರದಿಂದ ಗುರುವಾರದ ಒಳಗೆ ಹೋಗಿ, ದರವೂ ಕಡಿಮೆ. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಆ ದಿನ ಕಂಪನಿಯ ಗುಂಪು ಬರುತ್ತದಾ? ಅಕ್ಕನ ಮನೆಯ ಹುಳು ಎಷ್ಟನೇ ಜ್ವರದಲ್ಲಿದೆ? ಎರಡನೆಯದಕ್ಕೆ ಆಫೀಸಿನ ಹುಡುಗ ತಬ್ಬಿಬ್ಬಾಗುತ್ತಾನೆ. ಫೋನು ಅಡಿಗೆ ಮನೆಗೆ ಕೊಡಪ್ಪ ಎನ್ನಿ. ನಾಲ್ಕನೆಯದು ಮುಗಿಯಿತು ಎಂದರೆ ಆ ವಾರವೇ ಹೊರಡಿ.